ದಂಡ ಕಟ್ಟದವರ ಮನೆ

ಹೋದ ಶ್ರಾವಣದಲ್ಲಿ ರಿಪ್ಪನ್‌ಪೇಟೆಯಿಂದ ಹೊಸನಗರದ ಕಡೆ ಹೋಗುವಾಗ ಕಾರಿನ ಟಯರು ಪಂಕ್ಚರ್ ಆಯಿತು. ಡ್ರೈವರ್ ಸ್ಟೆಪ್ನಿ ಹಾಕುವವರೆಗೆ ಕೊಡೆ ಬಿಚ್ಚಿಕೊಂಡು ರಸ್ತೆ ಬದಿಗೆ ನಿಂತೆ. ಸಣ್ಣ ಜಿಟಿಜಿಟಿ. ತಲೆಯ ಮೇಲೆ, ದೂರದಲ್ಲೆಲ್ಲೋ ಅಕ್ಕಿ ಗಿರಣಿ ನಡೆಯುತ್ತಿರುವಂತೆ, ಗುಂಯ್ ಎನ್ನುವ ಸದ್ದು. ನೋಡಿದರೆ ಹೈಟೆನ್ಷನ್ ಲೈನು. ಒದ್ದೆ ಗಾಳಿಯಲ್ಲಿ ಆ ತಂತಿಗಳು ಹಾಗೆ ಗುನುಗುತ್ತವೆ. “ಸಾರ್, ಆಚೆ ಬನ್ನಿ, ಕರೆಂಟ್ ಹೊಡೆದೀತು” ಎಂದು ಡ್ರೈವರ್ ಹೆದರಿದ. “ಹೊಡೆಯಲ್ಲಪ್ಪ, ಈ ಲೈನು ನನ್ನ ಪರಿಚಯದ್ದು” ಅಂದೆ. ಅವನು ಸ್ಪ್ಯಾನರ್ ಹಿಡಿದುಕೊಂಡೇ ನನ್ನ ಮುಖ ನೋಡಿದ. ಉಳಿದ ದಾರಿಯಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆಯುತ್ತಿದ್ದೇನೆ.

ನಾನು ಸಾಗರದಲ್ಲಿ ವಕೀಲನಾದದ್ದು ಸುತ್ತು ದಾರಿಯಿಂದ. ಮೊದಲು ಎತ್ತಿನ ದಲ್ಲಾಳಿಯೊಬ್ಬರ ಹಿಂದೆ ಸಂತೆ ಸಂತೆ ತಿರುಗಿದೆ. ಟವಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಅಲ್ಲಿ ಕಲಿತೆ. ಆಮೇಲೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು ಅರ್ಜಿ ಬರೆದೆ. ಎಪ್ಪತ್ತರ ದಶಕದಲ್ಲಿ ಉಳುವವನಿಗೆ ಭೂಮಿ ಎಂದಾಗ ಗೇಣಿದಾರರು ಡಿಕ್ಲರೇಶನ್ ಬರೆಸಲು ಬೆಳಗ್ಗೆಯೇ ಬಂದು ಸಾಲು ನಿಲ್ಲುತ್ತಿದ್ದರು. ಹಿರಿಯ ವಕೀಲರೊಬ್ಬರು ನನ್ನ ಬರಹ ಓದಿ, “ಬರೆಯೋದೆಲ್ಲ ನೀನು, ಕೋಟು ಮಾತ್ರ ನಮ್ಮದು. ಹೋಗಿ ಓದು ಮಾರಾಯ” ಅಂದರು. ಹೋಗಿ ಓದಿ ಕೋಟು ಹಾಕಿಕೊಂಡು ಬಂದೆ.

ಆಗ ನಮ್ಮ ಕಡೆ ವಕೀಲಿಕೆ ಎಂದರೆ ಪಾಲು, ಗಡಿ, ದಾರಿ, ನೀರಿನ ಕಾಲುವೆ. ಎಂಬತ್ತರ ದಶಕ ಹುಟ್ಟುವಾಗ ಘಟ್ಟದ ಬದಿಯಲ್ಲಿ ಒಂದು ವಿದ್ಯುತ್ ಯೋಜನೆ ಎದ್ದಿತು. ಅಲ್ಲಿಂದ ಹೊರಡುವ ತಂತಿ ತೀರ್ಥಹಳ್ಳಿ, ಹೊಸನಗರದ ಗುಡ್ಡಗಳನ್ನು ದಾಟಬೇಕು. ತಂತಿಯ ಕಾನೂನು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಲೈನ್ ಎಳೆಯುವ ಗುತ್ತಿಗೆದಾರರು ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಕ್ಯಾಂಪ್ ಮಾಡಿದ್ದರು. ಅಲ್ಲಿನ ಇಂಜಿನಿಯರ್ ಮೂರ್ತಿ, ಮೈಸೂರಿನವರು, “ನಿಮಗೆ ಈ ಕೆಲಸ ಬರುತ್ತಾ?” ಎಂದು ಕೇಳಿದಾಗ, “ಬರುತ್ತೆ, ಆದರೆ ಒಂದು ವಾರ ಬಿಟ್ಟು ಬರುತ್ತೆ” ಅಂದೆ. ಆ ವಾರ ಶಿವಮೊಗ್ಗದಲ್ಲಿ ಹಳೇ ಪುಸ್ತಕ ಹುಡುಕಿ ತಂದು ಓದಿದೆ.

ಓದುತ್ತ ಹೋದಂತೆ ಮಜಾ ಹತ್ತಿತು. ಆಣೆಕಟ್ಟಿಗೆ ನೆಲ ಬೇಕಾದರೆ ಸರ್ಕಾರ ಅದನ್ನು ಸ್ವಾಧೀನ ಮಾಡಿಕೊಳ್ಳುತ್ತದೆ. ತಂತಿಗೆ ಹಾಗಲ್ಲ. ಬ್ರಿಟಿಷರು ಟೆಲಿಗ್ರಾಫಿಗೆಂದು ಮಾಡಿದ ಕಾಯ್ದೆಯ ಅಧಿಕಾರವನ್ನೇ ಇದಕ್ಕೂ ತಂದು ಕಂಬ ನೆಡುತ್ತಾರೆ. ಕಡಿದ ಮರಕ್ಕೆ, ಹಾಳಾದ ಬೆಳೆಗೆ ಪರಿಹಾರ, ಅಷ್ಟೆ. ನೆಲ ನಿನ್ನದೇ, ಅದರ ಮೇಲಿನ ಗಾಳಿ ನಿನ್ನದಲ್ಲ. ಇನ್ನು ಕಾಡಿನ ನೆಲವಾದರೆ ಹೊಸ ಕಾಯ್ದೆ: ದೆಹಲಿ ಒಪ್ಪದೆ ಒಂದು ಕಂಬವನ್ನೂ ಊರುವಂತಿಲ್ಲ. ದೆಹಲಿಗೆ ಹೋಗುವ ಫೈಲಿನ ಜೊತೆ, ಲೈನಿನ ಅಡಿಗೆ ಬರುವ ಕಾಡಿನಲ್ಲಿ ಮನೆ ಮಾಡಿಕೊಂಡವರ ಪಟ್ಟಿ ಇರಬೇಕು. ಎಪ್ಪತ್ತೆಂಟರ ಏಪ್ರಿಲ್‌ಗೆ ಮುಂಚಿನಿಂದ ಇದ್ದವರಿಗೆ ಬದಲಿ ಜಾಗ. ಆಮೇಲೆ ಬಂದವರು ಬರಿಗೈಯಲ್ಲಿ ಏಳಬೇಕು. ಆ ಪಟ್ಟಿ ಮಾಡುವುದು ನನ್ನ ಕೆಲಸ.

ಹೊಸನಗರ ತಾಲ್ಲೂಕಿನ ಅಂಚಿನಲ್ಲಿ, ಹಳೇ ಆಣೆಕಟ್ಟಿನ ಹಿನ್ನೀರಿನಿಂದ ಒಂದು ಗುಡ್ಡ ಈಚೆಗೆ, ಎಂಟು ಮನೆಯ ಕೇರಿಯೊಂದು ಲೈನಿನ ನೇರಕ್ಕೆ ಸಿಕ್ಕಿತ್ತು. ಮಲೆನಾಡಿನ ದೀವರ ಸಮುದಾಯದ ಮನೆಗಳು. ಹಿರಿಯರು ಗೇಣಿಗೆ ಗದ್ದೆ ಮಾಡಿದವರು. ಊರು ನೀರಿನಲ್ಲಿ ಹೋದಾಗ ಗದ್ದೆ ಒಡೆಯರ ಹೆಸರಿನಲ್ಲಿತ್ತು, ಪರಿಹಾರವೂ ಅದೇ ಹೆಸರಿಗೆ ಹೋಯಿತು. ಇವರು ಪಾತ್ರೆ ಪರಟಿ ಹೊತ್ತು ಗುಡ್ಡ ಹತ್ತಿದ್ದರು.

ಎಂಬತ್ತಮೂರರ ಬೇಸಿಗೆ. ಕೇರಿಯ ನಡುವಿನ ಹಲಸಿನ ಮರದ ಕೆಳಗೆ ಕೂತು, ಇಲ್ಲಿದ್ದದ್ದಕ್ಕೆ ಏನು ದಾಖಲೆ ಇದೆಯೋ ತನ್ನಿ ಅಂದೆ. ಏಳು ಮನೆಯವರು ಟ್ರಂಕಿನಿಂದ, ಬಿದಿರಿನ ಅಂಡೆಯಿಂದ ಹಳದಿಯಾದ ಚೀಟಿಗಳನ್ನು ತಂದರು. ಕಾಡಿನ ಜಾಗದಲ್ಲಿ ಕೂತಿದ್ದಕ್ಕೆ ಲೆಕ್ಕಿಗರು, ಅಂದರೆ ಕಂದಾಯದವರು, ವರ್ಷ ವರ್ಷ ಹಾಕಿದ ದಂಡದ ರಶೀದಿಗಳು. ಕಟ್ಟುವಾಗ ಬೈದುಕೊಂಡೇ ಕಟ್ಟಿದ್ದರು. ಕಾನೂನಿನ ತಮಾಷೆ ನೋಡಿ: ಅವರು ಅಲ್ಲಿದ್ದರು ಎನ್ನುವುದಕ್ಕೆ ಸರ್ಕಾರವೇ ಸಹಿ ಮಾಡಿಕೊಟ್ಟ ಸಾಕ್ಷಿ ಆ ದಂಡ. ಚಿಕ್ಕ ವಕೀಲರು ಈಗಲೂ ನನ್ನ ಹತ್ತಿರ ಬಂದಾಗ ಹೇಳುತ್ತೇನೆ, ಕಕ್ಷಿದಾರನಿಗೆ ಸಿಕ್ಕ ಸನ್ಮಾನಪತ್ರ ಕೇಳಬೇಡಿ, ಅವನಿಗೆ ಬಿದ್ದ ದಂಡ ಕೇಳಿ ಅಂತ.

ಎಂಟನೆಯ ಮನೆಯ ಕೆರಿಯಪ್ಪ ಬರಿಗೈಯಲ್ಲಿ ಬಂದು ಕೂತರು.

“ನಿಮ್ದು ಎಲ್ಲಿ ಕೆರಿಯಪ್ಪನೋರೆ?”

“ನಂದು ಎಂತದೂ ಇಲ್ಲ.”

“ಕಳೆದು ಹೋಯ್ತಾ?”

“ಕಟ್ಟಿದ್ರೆ ಅಲ್ವ್ರಾ ಕಳಿಯದು?” ಅವರ ಎದೆ ಉಬ್ಬಿತ್ತು. “ಇಷ್ಟ್ ವರ್ಷದಾಗೆ ಒಂದ್ ಸಲಾನೂ ದಂಡ ಕಟ್ಟಿಲ್ಲ ನಾನು. ಲೆಕ್ಕಿಗ್ರು ಗುಡ್ಡ ಹತ್ತಿದ್ರು ಅಂದ್ರೆ ಸೀದಾ ನಮ್ಮನೆಗೆ ಕರ್ಕಂಡ್ ಬರದು. ಒಂದ್ ಬಾಟ್ಲಿ ತುಡುವೆ ಜೇನು ಕೈಗಿಡದು. ನನ್ ಹೆಸ್ರು ಬಂದಾಗ ಅವ್ರ ಪುಸ್ತಕನೇ ಬಿಚ್ತಿರ್ಲಿಲ್ಲ.”

“ಜಾಣ ಅಂದ್ರೆ ನಮ್ ಕೆರಿಯಪ್ಪ” ಎಂದರು ಪಕ್ಕದಲ್ಲಿದ್ದವರೊಬ್ಬರು. “ನಾವು ದಡ್ರು, ಕಟ್ಟಿ ಕಟ್ಟಿ ಸತ್ವಿ.” ಎಲ್ಲರೂ ನಕ್ಕರು. ಕೆರಿಯಪ್ಪನೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ರೇಷನ್ ಕಾರ್ಡು ಕೇಳಿದೆ. ಅದರಲ್ಲಿ ಮುಳುಗಿದ ಊರಿನ ಹೆಸರೇ ಇತ್ತು. “ಬದಲಾಯಿಸಕ್ಕೆ ಹೋದ್ರೆ ಈಗೆಲ್ಲಿದೀರಿ ಅಂತ ಕೇಳ್ತಾರಲ್ರೀ” ಎಂದರು. ಅಷ್ಟು ಹುಷಾರಿನ ಮನುಷ್ಯ. ಸರ್ಕಾರದ ಯಾವ ಕಾಗದದಲ್ಲೂ ಸಿಕ್ಕಿಹಾಕಿಕೊಳ್ಳದೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕಾಡಿನಲ್ಲಿ ಬದುಕಿದ್ದರು.

ಅವರ ಮನೆಗೆ ಹೋದೆ. ಹೆಂಡತಿ ದ್ಯಾವಮ್ಮ ಬೆಲ್ಲ, ನೀರು ಕೊಟ್ಟರು. ಸುತ್ತಲ ಹಳ್ಳಿಗಳಲ್ಲಿ ಮದುವೆಯಾದರೆ ಹಸೆಗೋಡೆಯ ಮೇಲೆ ಚಿತ್ತಾರ ಬರೆಯಲು ಇವರನ್ನೇ ಕರೆಯುತ್ತಿದ್ದರಂತೆ. ಜಗಲಿಯ ಗೋಡೆಯ ಅಡಿಯ ಮೂಲೆಯಲ್ಲಿ ದನ ಮೈ ಉಜ್ಜಿ ಹೆಬ್ಬೆರಳಗಲದ ಚಕ್ಕೆ ಎದ್ದಿತ್ತು. ಒಳಗೆ ಕೆಂಪು, ಬಿಳಿ, ಕೆಂಪು, ಬಿಳಿ, ಹೀಗೆ ಸಣ್ಣ ಸಣ್ಣ ಗೆರೆ. ನನಗೆ ಯಾವುದನ್ನೂ ಸುಮ್ಮನೆ ನೋಡಿ ಬಿಟ್ಟು ಗೊತ್ತಿಲ್ಲ, ಬಾಗಿದೆ.

“ಇದೆಂತ ಅಮ್ಮಾ, ಪಟ್ಟೆ ಪಟ್ಟೆ?”

“ಅಯ್ಯೋ, ಅದನ್ನೇ ನೋಡ್ತೀರಲ್ಲ! ದನ ಉಜ್ಜಿದ್ದು. ಸರಿ ಮಾಡ್ಬೇಕು ಅಂತಿದ್ದೆ.”

“ವರ್ಷಕ್ಕೆ ಎಷ್ಟು ಸಲ ಬಳೀತೀರಿ?”

“ಒಂದೇ ಸಲ. ದೀಪಾವಳಿ ಮುಂಚೆ. ಮೊದ್ಲು ಕೆಮ್ಮಣ್ಣು. ಅದು ಆರಿದ್ ಮೇಲೆ ಅಡಿಗೆ ಬಿಳೀ ಜೇಡಿಮಣ್ಣು. ಆಮೇಲೆ ಅಕ್ಕಿ ಅರೆದು ಪುಂಡಿ ನಾರಿನಾಗೆ ಚಿತ್ತಾರ ಬರಿಯದು.”

ವರ್ಷಕ್ಕೊಂದು ಕೆಂಪು, ಒಂದು ಬಿಳಿ! ರಶೀದಿ ಇಲ್ಲದವರ ಮನೆಯಲ್ಲಿ ಗೋಡೆಯೇ ರಶೀದಿ. ಐದಕ್ಕಿಂತ ಒಂದು ಜೋಡಿ ಪದರ ಹೆಚ್ಚಿಗೆ ಸಿಕ್ಕರೂ ಎಪ್ಪತ್ತೆಂಟರಿಂದ ಆಚೆ ಹೋದಂತೆ. ಎಣಿಸಬೇಕು ಎನ್ನುವಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ತೀರ್ಥಹಳ್ಳಿ ಬಸ್ಸಿನ ಹಾರನ್ ಕೇಳಿತು. ಎಣಿಸದೆ ಓಡಿದೆ. ಅದು ನನ್ನ ಮೊದಲ ತಪ್ಪು.

ಕ್ಯಾಂಪಿನಲ್ಲಿ ಮೂರ್ತಿಯವರು ನಕ್ಷೆ ಹರಡಿಕೊಂಡು ಕೂತಿದ್ದರು. “ಏಳು ಮನೆ ಅಂತ ಕಳಿಸಿಬಿಡಿ ಸಾರ್. ಮಳೆ ಹಿಡಿಯೋದ್ರೊಳಗೆ ಫೈಲ್ ಹೋಗಬೇಕು.”

“ಏಳು ಅಂತ ಬರೆದು ಎಂಟನೆಯವನನ್ನ ಎಬ್ಬಿಸಿದ್ರೆ, ಅವನು ಬೆಂಗಳೂರಿಗೆ ಹೋಗಿ ಸ್ಟೇ ತರ್ತಾನೆ. ನಿಮ್ಮ ತಂತಿ ಎರಡು ಕಂಬದ ನಡುವೆ ಮೂರು ವರ್ಷ ಜೋತಾಡ್ತಾ ಇರುತ್ತೆ.”

“ಅವರಿಗೆ ಬೆಂಗಳೂರಿನ ದಾರಿ ಯಾರು ತೋರಿಸ್ತಾರೆ?”

ನಾನು ಸುಮ್ಮನೆ ಕೂತೆ. ಚೌಕಾಸಿಯಲ್ಲಿ ಒಂದು ಘಟ್ಟಕ್ಕೆ ಬಂದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಎದುರಿನವರು ಉಳಿದದ್ದನ್ನು ತಾವೇ ಹೇಳಿಕೊಳ್ಳುತ್ತಾರೆ.

“ನೀವು ನಮ್ಮ ಕಡೆ ವಕೀಲರೋ, ಅವರ ಕಡೆಯೋ?” ಎಂದರು ಮೂರ್ತಿ.

“ನಿಮ್ಮ ಕಡೆಯೇ. ಅದಕ್ಕೇ ಹೇಳ್ತಿರೋದು.”

ಸುಳ್ಳಲ್ಲ ಅದು. ತಪ್ಪು ಪಟ್ಟಿ ಗುತ್ತಿಗೆದಾರರಿಗೇ ಕುತ್ತು. ಆದರೆ ಅದಿಷ್ಟೇ ಅಂದರೆ ಸುಳ್ಳಾದೀತು. ಆ ಗೋಡೆಯೊಳಗೆ ಎಷ್ಟು ವರ್ಷ ಇವೆ ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ.

ಸಾಗರದ ಎ.ಸಿ. ಸಾಹೇಬರು, ಅಂದರೆ ನಮ್ಮ ಉಪವಿಭಾಗದ ದೊಡ್ಡ ಅಧಿಕಾರಿ, ಆಗಿನ್ನೂ ಸಣ್ಣ ವಯಸ್ಸಿನವರು. ಗೋಡೆಯ ವಿಷಯ ಹೇಳಿದೆ. “ಪದರ ಎಣಿಸಿ ಸ್ಥಳ ಮಹಜರು ಮಾಡಬೇಕು ಅಂತೀರಾ? ನಡೀರಿ, ನೋಡೇ ಬಿಡೋಣ” ಅಂದರು. ಶುಕ್ರವಾರ ಹೋಗುವುದೆಂದು ಗೊತ್ತಾಯಿತು. ಕೇರಿಗೆ ಸುದ್ದಿ ಮುಟ್ಟಿಸಲು ಬಸ್ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದೆ: ದೊಡ್ಡ ಸಾಹೇಬರು ನಿಮ್ಮನೆ ಗೋಡೆ ನೋಡಲಿಕ್ಕೆಂದೇ ಬರುತ್ತಾರೆ. ಇದು ಎರಡನೆಯ ತಪ್ಪು.

ಜೀಪು ಗುಡ್ಡ ಹತ್ತಿ ನಿಂತಾಗ ಕೇರಿಯೆಲ್ಲ ಸಾರಿಸಿ ರಂಗೋಲಿ ಹಾಕಿತ್ತು. ಕೆರಿಯಪ್ಪನ ಜಗಲಿಗೆ ಕಾಲಿಟ್ಟವನು ಹಾಗೇ ನಿಂತೆ. ಗೋಡೆ ನೆತ್ತರಿನಷ್ಟು ಕೆಂಪಗೆ ಹೊಳೆಯುತ್ತಿತ್ತು. ಹಸಿ ಕೆಮ್ಮಣ್ಣಿನ ಘಮ. ಅದರ ಮೇಲೆ ಕೂದಲೆಳೆಯಷ್ಟು ಸಪೂರದ ಬಿಳಿ ಗೆರೆಗಳಲ್ಲಿ ಏಣಿ, ತೇರು, ಬಾಸಿಂಗ, ಭತ್ತದ ಸಸಿ. ಅಷ್ಟು ಚೆಂದದ ಗೋಡೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ನೋಡಿ ಅಷ್ಟು ಹೊಟ್ಟೆ ಉರಿದದ್ದೂ ಇಲ್ಲ.

“ಎಲ್ಲಿ ವಕೀಲರೇ ನಿಮ್ಮ ಪದರ?” ಎಂದರು ಎ.ಸಿ. ಜೊತೆಗೆ ಬಂದಿದ್ದ ಮೂರ್ತಿಯವರು ಆಚೆ ಮುಖ ಮಾಡಿ ಕೆಮ್ಮಿದರು.

“ದ್ಯಾವಮ್ಮಾ, ಹಳೇದು ಎಂತ ಮಾಡಿದ್ರಿ?”

“ಎಲ್ಲ ಹೆರೆದು ತೆಗ್ದೆ. ದೊಡ್ಡೋರು ಗೋಡೆ ನೋಡಕ್ಕೇ ಬರ್ತಾರೆ ಅಂತ ಹೇಳಿ ಕಳ್ಸಿದ್ರಲ್ಲ. ನೀವು ನೋಡಿದ್ ಆ ಚಕ್ಕೆ ಎದ್ದಿದ್ದು ತೋರ್ಸಕ್ಕಾಗ್ತದಾ? ನಾಲ್ಕು ದಿನ ಹಿಡೀತು. ನೋಡಿ, ಕೈಯೆಲ್ಲ ಬೊಕ್ಕೆ.” ಅಂಗೈ ಚಾಚಿ ತೋರಿಸಿದರು.

ಎ.ಸಿ. ನಗಲಿಲ್ಲ. ಬಾಗಿ ಆ ಚಿತ್ತಾರದ ಗೆರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಅಮ್ಮಾ, ಈ ಗೋಡೆಗೆ ಇದುವರೆಗೆ ಎಷ್ಟು ಸಲ ಬಳಿದಿರಬಹುದು?”

“ಈ ಗೋಡೆಗಾ? ಇದೂ ಸೇರಿ ಐದು.”

ಐದು! ಅಂದರೆ ಈಗ ಹೆರೆದದ್ದು ನಾಲ್ಕು ವರ್ಷದ್ದು. ದ್ಯಾವಮ್ಮ ಆ ಗೋಡೆಯನ್ನು ಹಾಗೇ ಬಿಟ್ಟಿದ್ದರೆ ಎ.ಸಿ. ಚಾಕುವಿನಿಂದ ಕೆರೆದು ನಾಲ್ಕು ಎಂದು ಎಣಿಸುತ್ತಿದ್ದರು. ಎಪ್ಪತ್ತೆಂಟಕ್ಕೆ ಇವರು ಇಲ್ಲಿರಲಿಲ್ಲ ಎಂದು ನನ್ನ ಪೆನ್ನಿನಲ್ಲೇ ಮಹಜರು ಆಗುತ್ತಿತ್ತು. ನಾನು ತಂದ ಸಾಕ್ಷಿ ನನ್ನನ್ನೇ ಮುಳುಗಿಸುವುದಿತ್ತು. ಎಣಿಸದೆ ಯಾವುದನ್ನೂ ಮೇಲಿನವರ ಮುಂದೆ ಇಡಬೇಡಿ. ಇದು ಪುಸ್ತಕದಲ್ಲಿ ಸಿಗುವುದಿಲ್ಲ.

“ಹಾಗಾದರೆ ಅದಕ್ಕೆ ಮುಂಚೆ ಎಲ್ಲಿದ್ರಿ?” ಎ.ಸಿ. ದನಿ ಗಟ್ಟಿಯಾಗಿತ್ತು.

“ಇಲ್ಲೇ. ಎಲ್ಲಿಗೆ ಹೋಗದು? ಮೊದ್ಲಿನ ಗೋಡೆ ಮಳೆಗೆ ಬಿತ್ತು. ಆಪರೇಷನ್ಗೆ ಹಿಡ್ಕಂಡ್ ಹೋಗ್ತಾರೆ ಅಂತ ಗಂಡಸ್ರೆಲ್ಲ ಕಾಡಿಗೆ ಓಡ್ತಿದ್ರಲ್ಲ, ಆ ಮಳೆಗಾಲ. ಆಮೇಲೆ ಮೂರು ವರ್ಷ ತಟ್ಟಿ ಕಟ್ಕಂಡಿದ್ವಿ. ಇವ್ರಿಗೆ ಗೋಡೆ ಏಳ್ಸಕ್ಕೆ ಪುರುಸೊತ್ತೆಲ್ಲಿ? ಜೇನು ಕೊಯ್ಯದು, ಲೆಕ್ಕಿಗ್ರಿಗೆ ಕೊಡದು.”

ಈಗ ಎ.ಸಿ. ನಕ್ಕರು. “ಎಮರ್ಜೆನ್ಸಿ. ಎಪ್ಪತ್ತಾರು. ಸರಿ, ಆದರೆ ಆಗ ಇಲ್ಲಿದ್ರಿ ಅನ್ನೋದಕ್ಕೆ ಸಾಕ್ಷಿ?”

ದ್ಯಾವಮ್ಮ ಗಂಡನ ಕಡೆ ಒಮ್ಮೆ ನೋಡಿ ಸೆರಗು ಸರಿ ಮಾಡಿಕೊಂಡರು. “ಗೋಡೆ ಬಿತ್ತು, ಸಹಾಯ ಮಾಡಿ ಅಂತ ಒಂದ್ ಅರ್ಜಿ ಕೊಡ್ಸಿದ್ದೆ. ಇವ್ರಿಗೆ ಹೇಳಿರ್ಲಿಲ್ಲ.”

“ಅರ್ಜಿನಾ?” ಕೆರಿಯಪ್ಪ ಎದ್ದೇ ನಿಂತರು. “ಯಾರ್ ಹೆಸ್ರಾಗೆ?”

“ನಿಮ್ಮ ಹೆಸ್ರಾಗೇ. ನಮ್ಮಣ್ಣನ ಕೈಲಿ ಬರ್ಸಿದ್ದು.”

“ನಾನು ತಲೆ ತಪ್ಪಿಸ್ಕಂಡ್ ಓಡಾಡ್ತಿದ್ರೆ, ನೀನು ನನ್ ಹೆಸ್ರನ್ನ ಕಚೇರಿಗೆ ಕೊಟ್ ಬಂದ್ಯಾ?”

“ಮಕ್ಕಳು ಚಳೀಲಿ ನಡುಗ್ತಿದ್ವು. ನಿಮ್ ಜಾಣತನ ಹೊದ್ಕಳಕ್ಕಾಗ್ತಿತ್ತಾ?”

ಹೊರಗೆ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ನಾನು ಮುಂದೆ ಬಂದೆ. “ಆ ಅರ್ಜಿ ಎಂತ ಆಯ್ತು ಅಮ್ಮಾ?”

“ಎಂತ ಆಗ್ತದೆ? ಕಾಡಿನ ಜಾಗದಾಗೆ ಮನೆ ಕಟ್ಟಿದೀರಿ, ಕೊಡಕ್ಕಾಗಲ್ಲ ಅಂತ ಬರ್ದು ಕಳ್ಸಿದ್ರು. ನಮ್ಮಣ್ಣ ಓದಿ ಹೇಳ್ದ. ಇಲ್ಲ ಅನ್ನೋ ಕಾಗ್ದ ಇಟ್ಕಂಡ್ ಎಂತ ಮಾಡದು? ಒಲೆಗೆ ಹಾಕ್ದೆ.”

ಎ.ಸಿ.ಯೂ ನಾನೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಒಲೆಗೆ ಹೋದದ್ದು ಇವರಿಗೆ ಬಂದ ಪ್ರತಿ. ಕಚೇರಿಯಲ್ಲಿ ಇನ್ನೊಂದು ಇರಬೇಕು. “ಸೋಮವಾರ ಫೈಲು ಕಳಿಸ್ತೀನಿ” ಎಂದರು ಎ.ಸಿ., “ಅಷ್ಟರೊಳಗೆ ಆ ಕಾಗದ ಸಿಕ್ಕರೆ ಎಂಟು ಮನೆ. ಸಿಗದಿದ್ದರೆ ಏಳು.” ಶನಿವಾರ, ಭಾನುವಾರ ಹೊಸನಗರ ತಾಲ್ಲೂಕು ಕಚೇರಿಯ ದಫ್ತರು, ಅಂದರೆ ಹಳೇ ಕಾಗದದ ಕೋಣೆ, ತೆರೆದಿರಲು ಅಲ್ಲೇ ಒಂದು ಚೀಟಿ ಬರೆದುಕೊಟ್ಟರು.

ಹೊಸನಗರದಲ್ಲಿ ಮುಂಗಾರಿನ ಮೊದಲ ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು. ದಫ್ತರಿನ ಗುಮಾಸ್ತರು ಏಣಿ ತಂದರು. “ಕೊಟ್ಟದ್ದರ ಫೈಲು ಕೇಳ್ಕೊಂಡು ದಿನಾ ಬರ್ತಾರೆ ಸ್ವಾಮಿ. ಕೊಡದೇ ಇದ್ದದ್ದರ ಫೈಲು ಕೇಳಿದವರು ನೀವೇ ಮೊದಲು.” ತಿರಸ್ಕಾರವಾದ ಅರ್ಜಿಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಅಟ್ಟದ ಮೇಲಿದ್ದವು. ಬಿಚ್ಚಿ ಬಿಚ್ಚಿ ಓದಿದೆ. ಬಾವಿ ಬೇಕೆಂದವರು, ದಾರಿ ಬೇಕೆಂದವರು, ಸತ್ತ ಎತ್ತಿಗೆ ಸಹಾಯ ಕೇಳಿದವರು. ಒಂದು ತಾಲ್ಲೂಕಿನಲ್ಲಿ ಯಾರಿಗೆ ಏನೇನು ಬೇಕಿತ್ತು ಎಂದು ತಿಳಿಯಬೇಕಾದರೆ ಆ ಅಟ್ಟವೇ ಸರಿ. ಹುಡುಕುವುದನ್ನು ಬಿಟ್ಟು ಓದುತ್ತಲೇ ಕೂತುಬಿಡುತ್ತಿದ್ದೆ, ಗುಮಾಸ್ತರು ಕೆಳಗಿನಿಂದ “ಸಿಕ್ತಾ ಸ್ವಾಮಿ?” ಎಂದಾಗ ಎಚ್ಚರ.

ಭಾನುವಾರ ಮಧ್ಯಾಹ್ನ ಸಿಕ್ಕಿತು. ಒಂದು ಮೂಲೆಗೆ ಗೆದ್ದಲು ಹಿಡಿದಿತ್ತು, ಎಪ್ಪತ್ತಾರರ ತಾರೀಖಿನ ಸೀಲು ಉಳಿದಿತ್ತು.

ಸೋಮವಾರ ಸಾಗರದ ಕಚೇರಿಗೆ ಕೆರಿಯಪ್ಪನನ್ನು ಕರೆತಂದಿದ್ದೆ. ಎ.ಸಿ. ಗಟ್ಟಿಯಾಗಿ ಓದಿದರು: ಅರ್ಜಿದಾರರು ಸರ್ಕಾರಿ ಅರಣ್ಯವನ್ನು ಅಕ್ರಮವಾಗಿ ಒತ್ತುವರಿ ಮಾಡಿ ಮನೆ ಕಟ್ಟಿಕೊಂಡಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುವುದರಿಂದ ಸಹಾಯಧನಕ್ಕೆ ಅರ್ಹರಲ್ಲ.

“ಅಕ್ರಮ ಅಂತಾನಾ?” ಕೆರಿಯಪ್ಪನ ಮುಖ ಕೆಂಪಾಯಿತು. “ನಂಗಾ? ಒಂದ್ ದಂಡ ಇಲ್ಲದೆ ಮರ್ಯಾದಿಯಿಂದ ಬದುಕಿದೋನಿಗೆ?”

“ಸುಮ್ಮನಿರಿ ಮಾರಾಯ್ರೆ,” ಅವರ ತೋಳು ಹಿಡಿದು ಕೂರಿಸಿದೆ, “ಈ ಜಿಲ್ಲೇಲಿ ನಿಮ್ಮಷ್ಟು ಪಕ್ಕಾ ಒತ್ತುವರಿದಾರ ಇನ್ನೊಬ್ಬರಿಲ್ಲ. ಕೈ ಮುಗೀರಿ.”

ಎ.ಸಿ. ಪಟ್ಟಿಯಲ್ಲಿ ಏಳನ್ನು ಹೊಡೆದು ಎಂಟು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಮೂರ್ತಿಯವರು ಹೊರಗೆ ಬಂದ ಮೇಲೆ ನನಗೊಂದು ಕಾಫಿ ಕುಡಿಸಿದರು. ದೆಹಲಿಯಿಂದ ಒಪ್ಪಿಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು.

ಬದಲಿ ಜಾಗ ರಿಪ್ಪನ್‌ಪೇಟೆ ರಸ್ತೆಯ ಹತ್ತಿರ. ಗೂಟ ಹೊಡೆದು, ದಾರ ಕಟ್ಟಿ, ಒಬ್ಬೊಬ್ಬರ ಹೆಸರು ಕರೆದು, ಇದು ನಿನ್ನದು, ಇದು ನಿನ್ನದು ಎಂದು ಗುಮಾಸ್ತರೊಬ್ಬರು ತೋರಿಸುತ್ತಿದ್ದರು. ಹಕ್ಕುಪತ್ರ ಯಾವಾಗ ಎಂದು ಯಾರೋ ಕೇಳಿದರು. “ಆಮೇಲೆ ಬರುತ್ತೆ, ಮೊದಲು ಆ ಜಾಗ ಖಾಲಿ ಮಾಡಿ” ಎಂದರು. ರಶೀದಿ ಇದ್ದ ಏಳು ಮನೆಯವರು ಆಗಲಿ ಎಂದು ತಲೆ ಆಡಿಸಿದರು.

ಕೆರಿಯಪ್ಪ ಮುಂದೆ ಬಂದರು. “ಆಮೇಲೆ ಅಂದ್ರೆ, ಇವತ್ತು ಕೊಡಲ್ಲ?”

“ಇವತ್ತು ಹೇಗೆ ಕೊಡೋದು ಮಾರಾಯ? ಮೇಲಿಂದ ಬರಬೇಕು.”

“ಹಂಗಾದ್ರೆ ಅದನ್ನೇ ಬರ್ದು ಕೊಡಿ. ಇಂಥಾ ಕೆರಿಯಪ್ಪಗೆ, ಇಂಥಾ ಜಾಗದ ಹಕ್ಕುಪತ್ರ, ಇವತ್ತು ಕೊಟ್ಟಿಲ್ಲ ಅಂತ. ಸೀಲ್ ಹಾಕಿ.”

ಗುಮಾಸ್ತರು ನಕ್ಕರು. ಕೆರಿಯಪ್ಪ ನಗಲಿಲ್ಲ. ತನ್ನ ಗೂಟದ ಪಕ್ಕ ಟವಲ್ ಹಾಸಿ ಕೂತರು. ದ್ಯಾವಮ್ಮ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಒಬ್ಬೊಬ್ಬರಾಗಿ ಏಳೂ ಮನೆಯವರು ತಮ್ಮ ತಮ್ಮ ಗೂಟದ ಹತ್ತಿರ ಕೂತರು. ಗುಮಾಸ್ತರು ನನ್ನ ಕಡೆ ತಿರುಗಿದರು, ನೀವಾದರೂ ಹೇಳಿ ಎನ್ನುವ ಹಾಗೆ.

ನಾನು ಗುತ್ತಿಗೆದಾರರ ವಕೀಲ. ಚೀಲದಿಂದ ಎಂಟು ಖಾಲಿ ಹಾಳೆ, ಒಂದು ಪೆನ್ನು ತೆಗೆದು ಗುಮಾಸ್ತರ ಮುಂದಿಟ್ಟೆ.